ಆಟಕ್ಕಾಗಿ ಹುಟ್ಟಿದ ಕಾರ್ಡು

ಕರಾವಳಿಯ ಕನ್ನಡದಲ್ಲಿ ‘ಆಟ’ವೆಂದರೆ ಯಕ್ಷಗಾನ. ಕಂಪ್ಯೂಟರ್ ಅಂಗಡಿಯಲ್ಲಿ ಆಟವೆಂದರೆ ಗೇಮು. ಈ ಎರಡು ಆಟಗಳ ನಡುವೆ ಸಿಕ್ಕಿಕೊಂಡು ಡೊಂಬಿವಲಿಯ ನಾವು ಕೆಲವು ಗೆಳೆಯರು ಎರಡು ವರ್ಷಗಳನ್ನು ಕಳೆದುಕೊಂಡೆವು. ನಮ್ಮ ಬಳಿ ನಲವತ್ತಕ್ಕೂ ಹೆಚ್ಚು ವಿಎಚ್‌ಎಸ್ ಕ್ಯಾಸೆಟ್ಟುಗಳಿದ್ದವು. ಕಳೆದ ಶತಮಾನದ ಕೊನೆಯ ಎರಡು ದಶಕಗಳಲ್ಲಿ ಡೊಂಬಿವಲಿ, ಕಲ್ಯಾಣ್, ಥಾಣೆಯ ಸಭಾಗೃಹಗಳಲ್ಲಿ ನಡೆದ ಯಕ್ಷಗಾನ, ತಾಳಮದ್ದಳೆ, ನಾಟಕಗಳ ದಾಖಲೆ ಅದು. ಹಗಲು ಹೋಟೆಲಿನಲ್ಲೋ ಬ್ಯಾಂಕಿನಲ್ಲೋ ದುಡಿದು ಸಂಜೆ ಬಣ್ಣ ಹಚ್ಚಿದವರು ಅವುಗಳಲ್ಲಿದ್ದಾರೆ. ಅವರಲ್ಲಿ ಹಲವರು ಈಗಿಲ್ಲ. ಅವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಉಳಿಸಬೇಕೆಂದು 2020ರ ಕೊನೆಯಲ್ಲಿ ನಿಶ್ಚಯಿಸಿದೆವು. ವಿಡಿಯೊ ಸಂಕಲನಕ್ಕೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕೆಂದು ಕೇಳಿದವರೆಲ್ಲ ಹೇಳಿದರು. ಕಚೇರಿಯಲ್ಲಿ ಮೂರು ಕೊಟೇಶನ್ ಇಲ್ಲದೆ ಒಂದು ಕುರ್ಚಿಯನ್ನೂ ಕೊಳ್ಳದ ನಾವು ಈ ಮಾತನ್ನು ಮಾತ್ರ ವಿಚಾರಿಸದೆ ನಂಬಿದೆವು. ಆಗ ಕಾರ್ಡುಗಳ ಬೆಲೆ ಕೈಗೆಟುಕುವಂತಿರಲಿಲ್ಲ. ಇಳಿಯಲೆಂದು ಕಾದೆವು. ಇಳಿಯುವಷ್ಟರಲ್ಲಿ ಎರಡು ಮಳೆಗಾಲ ಕಳೆದು ಹನ್ನೊಂದು ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಅವನ್ನು ಇಳಿಸಿಕೊಳ್ಳಲು ಆ ಕಾರ್ಡು ಬೇಕಾಗಿರಲೇ ಇಲ್ಲವೆಂಬುದು ನಮಗೆ ಆಮೇಲೆ ತಿಳಿಯಿತು.

ತಿಳಿಯಬೇಕಾದರೆ ಕಾರ್ಡಿನ ಚರಿತ್ರೆಯನ್ನೇ ಹಿಂದಕ್ಕೆ ಸರಿದು ನೋಡಬೇಕಾಯಿತು.

ವಿಎಚ್‌ಎಸ್ ಜಪಾನಿನ ಮಾರುಕಟ್ಟೆಗೆ ಬಂದದ್ದು 1976ರಲ್ಲಿ. ನಮ್ಮಲ್ಲಿ 1982ರ ಏಷ್ಯನ್ ಕ್ರೀಡಾಕೂಟದ ಸಮಯಕ್ಕೆ ಬಣ್ಣದ ಟಿವಿ ಬಂದ ಮೇಲೆ ವಿಸಿಆರ್ ಎಂಬ ಹೆಸರು ಮನೆಮಾತಾಯಿತು. ಮದುವೆ ಮುಂಜಿಗಳಿಗೆ ಹೆಗಲ ಮೇಲೆ ಕ್ಯಾಮೆರಾ ಹೊತ್ತವರು ಬರತೊಡಗಿದರು. ಅವರನ್ನೇ ಕರೆಸಿ ನಮ್ಮ ಹಿರಿಯರು ಆಟಗಳನ್ನೂ ಚಿತ್ರೀಕರಿಸಿದರು. ಊರಿನಲ್ಲಿ ಬೆಳಗಿನವರೆಗೆ ನಡೆಯುವ ಪ್ರಸಂಗ ಇಲ್ಲಿ ಸಭಾಗೃಹದ ಬಾಡಿಗೆಯ ವೇಳೆಗೂ ಕೊನೆಯ ಲೋಕಲ್ ಗಾಡಿಗೂ ಹೊಂದಿಕೊಂಡು ಮೂರು ಗಂಟೆಗೆ ಇಳಿದಿತ್ತು. ಇ-180 ಎಂಬ ಕ್ಯಾಸೆಟ್ಟಿನ ಉದ್ದವೂ ಮೂರೇ ಗಂಟೆ. ಆ ಕಾಲದಲ್ಲಿ ಸಂಕಲನವೆಂದರೆ ಎರಡು ವಿಸಿಆರ್‌ಗಳ ಕೆಲಸ: ಒಂದರಲ್ಲಿ ಓಡಿಸುವುದು, ಇನ್ನೊಂದರಲ್ಲಿ ಬೇಕಾದಷ್ಟನ್ನು ಮಾತ್ರ ಅಚ್ಚು ಮಾಡುವುದು. ಪ್ರತಿ ನಕಲಿಗೂ ಚಿತ್ರ ಒಂದು ಪದರ ಮಸುಕಾಗುತ್ತಿತ್ತು. ನಮ್ಮ ಕ್ಯಾಸೆಟ್ಟುಗಳನ್ನು ಯಾರೂ ಸಂಕಲಿಸಿರಲಿಲ್ಲ, ಹಣವಿರಲಿಲ್ಲ. ಆ ಬಡತನದಿಂದಾಗಿ ಮೂಲಪ್ರತಿಗಳು ಹಾಗೆಯೇ ಉಳಿದಿದ್ದವು.

ಗ್ರಾಫಿಕ್ಸ್ ಕಾರ್ಡಿನ ವಂಶ ಬೇರೆಯೇ. ಮೊದಲಿಗೆ ಅದು ಪರದೆಯ ಮೇಲೆ ಅಕ್ಷರಗಳನ್ನು ಮೂಡಿಸುವ ಅಡಾಪ್ಟರ್ ಅಷ್ಟೇ ಆಗಿತ್ತು. ಅದಕ್ಕೆ ಕಸುವು ಬಂದದ್ದು ಗೇಮುಗಳಿಂದ. 1996ರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ ಎಂಬ ಕಾರ್ಡು ಬಂದಾಗ ಅದಕ್ಕೆ ವಿಂಡೋಸಿನ ಸಾಮಾನ್ಯ ಪರದೆಯನ್ನು ತೋರಿಸುವುದಕ್ಕೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಇನ್ನೊಂದು ಸಾಧಾರಣ ಕಾರ್ಡನ್ನು ಇಟ್ಟು ಎರಡನ್ನೂ ತಂತಿಯಿಂದ ಜೋಡಿಸಬೇಕಿತ್ತು. ಗೇಮು ತೆರೆದಾಗ ಮಾತ್ರ ಅದು ಎಚ್ಚರಗೊಳ್ಳುತ್ತಿತ್ತು. 1993ರಲ್ಲಿ ಜೆನ್ಸನ್ ಹುವಾಂಗ್ ಮತ್ತಿಬ್ಬರು ಸೇರಿ ಕಟ್ಟಿದ ಎನ್‌ವಿಡಿಯಾ ಕಂಪನಿ 1999ರಲ್ಲಿ ಜಿಫೋರ್ಸ್ 256 ಎಂಬುದನ್ನು ತಂದು ‘ಜಿಪಿಯು’ ಎಂಬ ಹೆಸರನ್ನು ಪ್ರಚಾರಕ್ಕೆ ತಂದಿತು. ಇವುಗಳ ಬಲವಿದ್ದದ್ದು ಲಕ್ಷಗಟ್ಟಲೆ ಸಣ್ಣ ಲೆಕ್ಕಗಳನ್ನು ಒಟ್ಟಿಗೆ ಮಾಡುವುದರಲ್ಲಿ. ವಿಡಿಯೊದ ಚೌಕಟ್ಟೂ ಚುಕ್ಕೆಗಳ ರಾಶಿಯೇ. ಆದರೆ ಆ ಬಲ ಸಂಕಲನಕಾರನ ಮೇಜಿಗೆ ತಲುಪಲು ಇನ್ನೂ ಹತ್ತು ವರ್ಷ ಹಿಡಿಯಿತು.

ಆ ಹತ್ತು ವರ್ಷ ನಮ್ಮ ಕಡೆಯ ವಿಡಿಯೊ ಅಂಗಡಿಗಳಲ್ಲಿ ‘ಕಾರ್ಡು’ ಎಂದರೆ ಕ್ಯಾಪ್ಚರ್ ಕಾರ್ಡು ಎಂದೇ ಅರ್ಥ. ಕ್ಯಾಸೆಟ್ಟಿನ ಚಿತ್ರವನ್ನು ಕಂಪ್ಯೂಟರಿಗೆ ಸೆಳೆದುಕೊಳ್ಳುವ ಕಾರ್ಡು ಅದು. ಕೆನಡಾದ ಎಟಿಐ 1996ರಿಂದಲೇ ಆಲ್-ಇನ್-ವಂಡರ್ ಎಂಬ ಹೆಸರಿನಲ್ಲಿ ಪರದೆ, ಟಿವಿ, ಕ್ಯಾಪ್ಚರ್ ಮೂರನ್ನೂ ಒಂದೇ ಹಲಗೆಯಲ್ಲಿ ಕೂಡಿಸಿತ್ತು. ಬಳಿಕ ಪಿನಾಕಲ್, ಮ್ಯಾಟ್ರಾಕ್ಸ್, ಕ್ಯಾನೋಪಸ್ ಹೆಸರುಗಳು ಬಂದವು. ಕೊಳ್ಳಬೇಕೆಂದರೆ ಲ್ಯಾಮಿಂಗ್ಟನ್ ರಸ್ತೆಗೇ ಹೋಗಬೇಕು. ಡೊಂಬಿವಲಿಯಿಂದ ದಾದರ್, ಅಲ್ಲಿ ಪಶ್ಚಿಮ ರೈಲ್ವೆಗೆ ಬದಲಿಸಿ ಗ್ರಾಂಟ್ ರೋಡ್. ಮರಳಿ ಬರುವಾಗ ಸಂಜೆಯ ನೂಕುನುಗ್ಗಲಿನಲ್ಲಿ ಡಬ್ಬವನ್ನು ಎದೆಗವಚಿಕೊಂಡು ನಿಂತವರು ನಮ್ಮಲ್ಲೂ ಇದ್ದಾರೆ. ಆ ರಸ್ತೆಗೆ ಡಾ. ಭಡ್ಕಂಕರ್ ಮಾರ್ಗವೆಂಬ ಹೆಸರಿದೆ, ಆ ಹೆಸರಿನಿಂದ ಕೇಳಿದರೆ ದಾರಿ ಹೇಳುವವರು ಕಡಿಮೆ.

2000ದ ಸುಮಾರಿಗೆ ಫೈರ್‌ವೈರ್ ಬಂದ ಮೇಲೆ ಕೆಲಸ ಇನ್ನೂ ಸುಲಭವಾಯಿತು. ಡಿವಿ ಎಂಬ ರೂಪದಲ್ಲಿ ಒಂದು ಗಂಟೆಯ ಚಿತ್ರ ಸುಮಾರು 13 ಜಿಬಿ ಜಾಗ ಹಿಡಿಯುತ್ತಿತ್ತು. ಆಗಿನ ಪ್ರಸಿದ್ಧ ತೊಂದರೆಯೊಂದಿತ್ತು: ಇಪ್ಪತ್ತು ನಿಮಿಷ ತುಂಬುವ ಮುನ್ನವೇ ಕ್ಯಾಪ್ಚರ್ ನಿಂತುಬಿಡುವುದು. ಕಾರ್ಡು ಕೆಟ್ಟಿತೆಂದು ಅಂಗಡಿಗೆ ಹಿಂತಿರುಗಿಸಿದವರುಂಟು. ನಿಜವಾದ ಕಾರಣ ಹಾರ್ಡ್ ಡಿಸ್ಕನ್ನು ಫ್ಯಾಟ್32 ಮಾದರಿಯಲ್ಲಿ ಸಿದ್ಧಪಡಿಸಿದ್ದು. ಅದರಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಎನ್‌ಟಿಎಫ್‌ಎಸ್‌ಗೆ ಬದಲಿಸಿದರೆ ಮುಗಿಯಿತು. ಕಾರ್ಡಿನ ಮೇಲೆ ತಪ್ಪು ಹೊರಿಸುವ ಅಭ್ಯಾಸ ನಮಗೆ ಇಷ್ಟು ಹಳೆಯದು.

ಇಲ್ಲಿ ಗಮನಿಸಬೇಕಾದ ಲೆಕ್ಕವೊಂದಿದೆ. ವಿಎಚ್‌ಎಸ್ ಕ್ಯಾಸೆಟ್ಟನ್ನು ನಾವು ಇಳಿಸಿಕೊಳ್ಳುವ ಚೌಕಟ್ಟು 720 ಚುಕ್ಕೆ ಅಗಲ, 576 ಗೆರೆ ಎತ್ತರ, ಸೆಕೆಂಡಿಗೆ 25. ಇಂದಿನ 4ಕೆ ಚೌಕಟ್ಟಿನಲ್ಲಿ ಅದರ ಇಪ್ಪತ್ತು ಪಟ್ಟು ಚುಕ್ಕೆಗಳಿವೆ. ಹಳೆಯ ಕ್ಯಾಸೆಟ್ಟಿನ ಭಾರವನ್ನು ಇಪ್ಪತ್ತು ವರ್ಷಗಳ ಹಿಂದಿನ ಮನೆಯ ಕಂಪ್ಯೂಟರೇ ಹೊರುತ್ತಿತ್ತು. ಅದಕ್ಕೆ ಬೇಕಾದ್ದು ಸುಸ್ಥಿತಿಯ ವಿಸಿಆರ್, ಚಿತ್ರದ ಗೆರೆಗಳು ಅಲುಗದಂತೆ ಹಿಡಿದಿಡುವ ಟೈಮ್ ಬೇಸ್ ಕರೆಕ್ಟರ್, ಒಂದು ಕ್ಯಾಪ್ಚರ್ ಸಾಧನ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನಾಯ್ 2016ರ ಜುಲೈಯಲ್ಲಿ ಅದನ್ನು ನಿಲ್ಲಿಸಿತು. ಅಂದರೆ 2020ರಲ್ಲಿ ನಮ್ಮ ಕಣ್ಮುಂದೆ ದುರ್ಲಭವಾಗುತ್ತಿದ್ದುದು ವಿಸಿಆರ್. ನಾವು ಕಾಯುತ್ತಿದ್ದುದು ಗ್ರಾಫಿಕ್ಸ್ ಕಾರ್ಡಿಗೆ.

ಈ ಉಪನಗರಗಳಲ್ಲಿ ಸಂಕಲನದ ಚರಿತ್ರೆಯನ್ನು ಬರೆಯುವವರು ವಿದ್ಯುತ್ತನ್ನು ಮರೆಯುವಂತಿಲ್ಲ. ಮುಂಬಯಿ ನಗರಕ್ಕೆ ಬೆಸ್ಟ್, ಟಾಟಾ ಮುಂತಾದವರ ಪೂರೈಕೆ. ಅಲ್ಲಿ ದೀಪ ಆರುತ್ತಿರಲಿಲ್ಲ. ಮುಲುಂಡಿನಿಂದ ಆಚೆ ರಾಜ್ಯ ವಿದ್ಯುತ್ ಮಂಡಳಿ, 2005ರ ಜೂನ್ ತಿಂಗಳಲ್ಲಿ ಅದು ವಿಭಜನೆಗೊಂಡ ಮೇಲೆ ಮಹಾವಿತರಣ. ಆ ವರ್ಷಗಳಲ್ಲಿ ಕಲ್ಯಾಣ್-ಡೊಂಬಿವಲಿಯ ಮನೆಗಳಲ್ಲಿ ‘ಭಾರನಿಯಮನ’ ಎಂಬ ಮರಾಠಿ ಪದವನ್ನು ಕನ್ನಡದ ಮಕ್ಕಳೂ ಕಲಿತರು. ದಿನಕ್ಕೆ ಗಂಟೆಗಟ್ಟಲೆ ವಿದ್ಯುತ್ತಿಲ್ಲ. ಒಂದು ಗಂಟೆಯ ಚಿತ್ರವನ್ನು ಡಿವಿಡಿಗೆ ಸಿದ್ಧಪಡಿಸಲು ಕಂಪ್ಯೂಟರ್ ಇಡೀ ರಾತ್ರಿ ತೆಗೆದುಕೊಳ್ಳುತ್ತಿದ್ದ ಕಾಲವದು. ಶೇಕಡ ತೊಂಬತ್ತಕ್ಕೆ ಬಂದಾಗ ಕರೆಂಟು ಹೋಗಿ, ಯುಪಿಎಸ್ ಹದಿನೈದು ನಿಮಿಷ ಕಿರಿಚಿ ಸುಮ್ಮನಾಗಿ, ಬೆಳಿಗ್ಗೆ ಮತ್ತೆ ಮೊದಲಿನಿಂದ. ಸ್ಟುಡಿಯೋದವರು ಮಹಾವಿತರಣದ ವೇಳಾಪಟ್ಟಿಯನ್ನು ಪಂಚಾಂಗದ ಪಕ್ಕದಲ್ಲಿ ತೂಗುಹಾಕಿರುತ್ತಿದ್ದರು. ಇಂಗ್ಲಿಷ್ ಓದಿಕೊಂಡ ನಮಗೆ ‘ರೆಂಡರ್’ ಎಂಬ ಪದದ ಹಳೆಯ ಅರ್ಥ ಆಗ ನೆನಪಾಗುತ್ತಿತ್ತು: ಪಡೆದದ್ದನ್ನು ಹಿಂತಿರುಗಿಸಿ ಕೊಡುವುದು. ಭಾರನಿಯಮನದ ದಿನಗಳಲ್ಲಿ ಅದು ಏನನ್ನೂ ಹಿಂತಿರುಗಿಸುತ್ತಿರಲಿಲ್ಲ.

ಅದೇ 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಮುಂಬಯಿಯ ಕಥೆ ಎಲ್ಲರಿಗೂ ಗೊತ್ತು. ಉಲ್ಹಾಸ್ ನದಿ ಉಕ್ಕಿ ಬದಲಾಪುರ, ಕಲ್ಯಾಣಿನ ತಗ್ಗುಗಳು ಮುಳುಗಿದ್ದನ್ನು ನೆನೆಯುವವರು ಕಡಿಮೆ. ನೆಲಮಾಳಿಗೆಯ ಮತ್ತು ನೆಲಮಟ್ಟದ ಅಂಗಡಿಗಳಲ್ಲಿದ್ದ ಮೂಲ ಕ್ಯಾಸೆಟ್ಟುಗಳು ಕೆಸರಾದವು. ನಮ್ಮವು ಹಿರಿಯರೊಬ್ಬರ ಮನೆಯ ಅಟ್ಟದ ಮೇಲಿದ್ದುದರಿಂದ ಉಳಿದುಕೊಂಡವು. ಆ ನೆರೆಯನ್ನು ದಾಟಿದವು ನಮ್ಮ ಕಾಯುವಿಕೆಯನ್ನು ದಾಟಲಿಲ್ಲ.

ಕಾರ್ಡುಗಳು ಕೆಡುವುದಕ್ಕೂ ಒಂದು ಚರಿತ್ರೆಯಿದೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಮದರ್‌ಬೋರ್ಡುಗಳ ಮೇಲಿನ ಕೆಪ್ಯಾಸಿಟರುಗಳು ತಲೆ ಉಬ್ಬಿ ಸೋರುತ್ತಿದ್ದವು. ದೋಷವಿದ್ದದ್ದು ಅವುಗಳೊಳಗಿನ ದ್ರವದಲ್ಲಿ. 2006ರಲ್ಲಿ ಯುರೋಪಿನ ನಿಯಮದಿಂದ ಬೆಸುಗೆಯಲ್ಲಿ ಸೀಸ ಬಿಡಬೇಕಾಯಿತು. 2008ರಲ್ಲಿ ಎನ್‌ವಿಡಿಯಾ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಕಟ್ಟಿನಲ್ಲಿ ಬಳಸಿದ ವಸ್ತು ದುರ್ಬಲವೆಂದು ಒಪ್ಪಿ 15ರಿಂದ 20 ಕೋಟಿ ಡಾಲರ್ ಬದಿಗಿಟ್ಟಿತು. ಅಲ್ಲಿಂದ ಮುಂದೆ ರಿಪೇರಿ ಅಂಗಡಿಗಳಲ್ಲಿ ಹೀಟ್ ಗನ್ ಹಿಡಿದು ಚಿಪ್ಪನ್ನು ಕಾಯಿಸುವ ಚಿಕಿತ್ಸೆ ಹಬ್ಬಿತು. ಕಾರ್ಡು ಕೆಲವು ವಾರ ಬದುಕಿ ಮತ್ತೆ ಸಾಯುತ್ತಿತ್ತು. ಡೊಂಬಿವಲಿಯವರಾದ ನಮಗೆ ಇನ್ನೊಂದು ಅನುಮಾನ ಯಾವಾಗಲೂ ಇರುತ್ತದೆ: ಎಂಐಡಿಸಿಯ ರಾಸಾಯನಿಕ ಕಾರ್ಖಾನೆಗಳ ಗಾಳಿ. 2014ರ ಜನವರಿಯಲ್ಲಿ ಇಲ್ಲಿ ಹಸಿರು ಮಳೆ ಬಿದ್ದದ್ದು ರಾಷ್ಟ್ರಮಟ್ಟದ ಸುದ್ದಿಯಾಯಿತು. ಗಂಧಕದ ಅಂಶವಿರುವ ಗಾಳಿ ತಾಮ್ರ, ಬೆಳ್ಳಿಗಳನ್ನು ತಿನ್ನುತ್ತದೆ. ಇಲ್ಲಿಯ ಮೆಕ್ಯಾನಿಕ್ ಮೊದಲು ಮಾಡುವ ಕೆಲಸವೆಂದರೆ ಕಾರ್ಡನ್ನು ಕಳಚಿ ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಶಾಲೆಯ ಮಕ್ಕಳ ರಬ್ಬರಿನಿಂದ ಉಜ್ಜುವುದು. ನಗಬೇಕಾಗಿಲ್ಲ, ಹಲವು ಬಾರಿ ಅಷ್ಟರಿಂದಲೇ ಪರದೆ ಬೆಳಗಿದ್ದನ್ನು ನಾವೇ ಕಂಡಿದ್ದೇವೆ.

ಗೇಮಿನ ಕಾರ್ಡು ಸಂಕಲನಕ್ಕೆ ಒದಗಿದ್ದು 2010ರಲ್ಲಿ. ಅದಕ್ಕೆ ಮೂರೂವರೆ ವರ್ಷ ಮೊದಲು ಎನ್‌ವಿಡಿಯಾ ಕೂಡಾ ಎಂಬ ವ್ಯವಸ್ಥೆಯ ಮೂಲಕ ಕಾರ್ಡಿನ ಲೆಕ್ಕದ ಬಲವನ್ನು ಬೇರೆ ಕೆಲಸಗಳಿಗೂ ತೆರೆದಿತ್ತು. ಅಡೋಬಿ ತನ್ನ ಪ್ರೀಮಿಯರ್ ಪ್ರೊ ಸಿಎಸ್5ರಲ್ಲಿ ಅದನ್ನು ಬಳಸಿಕೊಂಡಿತು. ಆದರೆ ಬೆರಳೆಣಿಕೆಯ ದುಬಾರಿ ಕಾರ್ಡುಗಳಿಗೆ ಮಾತ್ರ ಮನ್ನಣೆ. ಮಾನ್ಯ ಕಾರ್ಡುಗಳ ಹೆಸರುಗಳು ತಂತ್ರಾಂಶದ ಫೋಲ್ಡರಿನಲ್ಲಿ ಒಂದು ಸಾದಾ ಪಠ್ಯದ ಫೈಲಿನಲ್ಲಿದ್ದವು. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಕೊನೆಗೆ ನಮ್ಮ ಸಾಧಾರಣ ಕಾರ್ಡಿನ ಹೆಸರನ್ನು ಸೇರಿಸಿ ಉಳಿಸಿದರೆ, ಮೆಮೊರಿ ಸಾಕಷ್ಟಿದ್ದಲ್ಲಿ, ಅದಕ್ಕೂ ಮನ್ನಣೆ ಸಿಗುತ್ತಿತ್ತು! ಸರಕಾರಿ ಪಟ್ಟಿಯಲ್ಲಿ ಹೆಸರು ಸೇರಿಸುವ ಕಷ್ಟವನ್ನು ದಿನವೂ ಕಾಣುವ ನಮಗೆ ಈ ಸರಳತೆ ಬಹಳ ಹಿಡಿಸಿತ್ತು.

ಆದರೆ ಆ ವೇಗ ಯಾವುದಕ್ಕೆ ಎಂಬುದನ್ನು ಆಗ ಯಾರೂ ವಿಚಾರಿಸಲಿಲ್ಲ. ಬಣ್ಣ ತಿದ್ದುವುದು, ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವುದು, ಒಂದರ ಮೇಲೊಂದು ಚಿತ್ರ ಕೂಡಿಸುವುದು ಕಾರ್ಡಿಗೆ ಬಂತು. ಅಡಕಗೊಳಿಸಿದ ಫೈಲನ್ನು ಬಿಡಿಸುವ ಕೆಲಸ ಪ್ರೊಸೆಸರಿಗೇ ಉಳಿಯಿತು. ಎಚ್.264ನಂತಹ ರೂಪಗಳಲ್ಲಿ ಪ್ರತಿ ಚೌಕಟ್ಟನ್ನೂ ಪೂರ್ತಿ ಬರೆದಿರುವುದಿಲ್ಲ. ಅಕ್ಕಪಕ್ಕದ ಚೌಕಟ್ಟುಗಳಿಗಿಂತ ಏನು ಬದಲಾಯಿತೆಂಬುದನ್ನಷ್ಟೇ ಬರೆದಿರುತ್ತದೆ. ಒಂದು ಚೌಕಟ್ಟನ್ನು ತೋರಿಸಲು ಸಾಲಾಗಿ ಹಲವನ್ನು ಬಿಡಿಸಬೇಕು. ಈ ಬಿಡಿಸುವ ಮತ್ತು ಕಟ್ಟುವ ಕೆಲಸಕ್ಕೆ ಬೇರೆಯೇ ಸರ್ಕ್ಯೂಟುಗಳಿವೆ. ಇಂಟೆಲ್ 2011ರಲ್ಲಿ ಅದನ್ನು ಕ್ವಿಕ್ ಸಿಂಕ್ ಎಂದು ಪ್ರೊಸೆಸರಿನ ಒಳಗೇ ಇಟ್ಟಿತು. ಎನ್‌ವಿಡಿಯಾ 2012ರಲ್ಲಿ ಕಟ್ಟುವ ಸರ್ಕ್ಯೂಟನ್ನು ಎನ್ವೆಂಕ್ ಎಂದು ಕಾರ್ಡಿನಲ್ಲಿ ಇಟ್ಟಿತು. ಈ ಭಾಗದ ವಿಚಾರ ಡಬ್ಬದ ಮೇಲಿನ ದೊಡ್ಡ ಅಕ್ಷರಗಳಲ್ಲಿ ಎಲ್ಲೂ ಇರುವುದಿಲ್ಲ. ಜಿಟಿ 1030ರಲ್ಲಿ ಎನ್ವೆಂಕ್ ಇಲ್ಲವೇ ಇಲ್ಲ. ಜತೆಗೆ 2018ರಲ್ಲಿ ಅದೇ ಹೆಸರಿನಲ್ಲಿ ನಿಧಾನಗತಿಯ ಮೆಮೊರಿಯ ಇನ್ನೊಂದು ಕಾರ್ಡು ಬಂತು. 2022ರ ಎಎಂಡಿ ಆರ್‌ಎಕ್ಸ್ 6500 ಎಕ್ಸ್‌ಟಿ ಗೇಮಿಗೆ ಸಾಕು, ವಿಡಿಯೊ ಕಟ್ಟುವ ಸರ್ಕ್ಯೂಟು ಅದರಲ್ಲಿಲ್ಲ. ಅದೇ ವರ್ಷ ಬಂದ ಇಂಟೆಲ್ಲಿನ ಆರ್ಕ್ ಎ380 ಗೇಮಿನವರ ಕಣ್ಣಿಗೆ ಸಾಧಾರಣ. ಆದರೆ ಎವಿ1 ಎಂಬ ಹೊಸ ರೂಪದವರೆಗೆ ಕಟ್ಟುವುದೂ ಬಿಡಿಸುವುದೂ ಅದಕ್ಕೆ ಗೊತ್ತು. ನಮ್ಮ ಭಾಗದ ಮದುವೆ ಸ್ಟುಡಿಯೋಗಳಲ್ಲಿ ಬಳಕೆಯಲ್ಲಿರುವ ಎಡಿಯಸ್ ತಂತ್ರಾಂಶ ಬಹುಕಾಲ ಕಾರ್ಡಿಗಿಂತ ಪ್ರೊಸೆಸರನ್ನೂ ಕ್ವಿಕ್ ಸಿಂಕನ್ನೂ ನೆಚ್ಚಿತ್ತು. ಅಲ್ಲಿಯ ಹುಡುಗರು ದೊಡ್ಡ ಕಾರ್ಡಿಲ್ಲದೆಯೇ ಕೆಲಸ ಮುಗಿಸುತ್ತಿದ್ದುದನ್ನು ನಾವು ಬಡತನವೆಂದು ತಿಳಿದಿದ್ದೆವು.

2021ರಲ್ಲಿ ಬೆಲೆ ಏರಿದ್ದಕ್ಕೆ ಸಂಕಲನವೂ ಕಾರಣವಲ್ಲ, ಗೇಮು ಮಾತ್ರವೂ ಕಾರಣವಲ್ಲ. ಕೋವಿಡ್ ಕಾಲದ ಚಿಪ್ಪಿನ ಕೊರತೆಯ ಜತೆಗೆ ಇಥೀರಿಯಂ ಎಂಬ ಕ್ರಿಪ್ಟೋ ನಾಣ್ಯದ ಗಣಿಗಾರರು ಕಾರ್ಡುಗಳನ್ನು ಗುಡ್ಡೆಯಾಗಿ ಕೊಂಡರು. ಆ ಫೆಬ್ರವರಿಯಲ್ಲಿ 329 ಡಾಲರ್ ಎಂದು ಘೋಷಿತವಾದ ಆರ್‌ಟಿಎಕ್ಸ್ 3060 ಆ ಬೆಲೆಗೆ ಸಿಕ್ಕಿದವರು ಪುಣ್ಯವಂತರು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ತನ್ನ ಪದ್ಧತಿಯನ್ನೇ ಬದಲಿಸಿ ಗಣಿಗಾರಿಕೆಯನ್ನು ಕೈಬಿಟ್ಟಿತು. ಬಳಸಿದ ಕಾರ್ಡುಗಳು ರಾಶಿಯಾಗಿ ಮಾರುಕಟ್ಟೆಗೆ ಬಂದವು. ಹಗಲಿರುಳು ಕಾದ ಆ ಕಾರ್ಡುಗಳ ಮೆಮೊರಿಯ ಮೇಲಿನ ಶಾಖದ ಪಟ್ಟಿಗಳು ಒಣಗಿರಬಹುದೆಂದು ಹೆದರಿ ನಾವು ಹೊಸದನ್ನೇ ಕೊಂಡೆವು: 12 ಜಿಬಿ ಮೆಮೊರಿ, 170 ವ್ಯಾಟ್.

ಕ್ಯಾಸೆಟ್ಟಿಗೆ ಬೇಡದಿದ್ದರೂ ಅದು ಇನ್ನೊಂದು ಕೆಲಸಕ್ಕೆ ಬೇಕಾಯಿತು. ಮರುವರ್ಷ ತಾಳಮದ್ದಳೆಯೊಂದನ್ನು ಮೂರು 4ಕೆ ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದೆವು. ಆಗ ಎರಡು ತೊಂದರೆಗಳು ಒಟ್ಟಿಗೆ ಬಂದವು, ಒಂದನ್ನು ಇನ್ನೊಂದರ ಕಾರಣವೆಂದು ತಿಳಿದು ತಿಂಗಳು ಕಳೆದೆವು. ಒಂದು ಕ್ಯಾಮೆರಾದ ಚಿತ್ರ ಮಾತ್ರ ತಡವರಿಸುತ್ತಿತ್ತು. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ನೂರಕ್ಕೆ ನೂರು, ಕಾರ್ಡಿನ ‘ವಿಡಿಯೊ ಡಿಕೋಡ್’ ಎಂಬ ಗೆರೆ ಸೊನ್ನೆ. ಆ ಕ್ಯಾಮೆರಾ ಬಣ್ಣದ ವಿವರವನ್ನು ಹೆಚ್ಚು ಉಳಿಸುವ 10 ಬಿಟ್ 4:2:2 ಎಂಬ ಮಾದರಿಯಲ್ಲಿ ಬರೆಯುತ್ತಿತ್ತು; ಅದನ್ನು ಬಿಡಿಸುವ ಸರ್ಕ್ಯೂಟು ಎನ್‌ವಿಡಿಯಾದಲ್ಲಿ 2025ರ ಪೀಳಿಗೆಗೆ ಬಂತು. ಇಂಟೆಲ್ಲಿನ 11ನೆಯ ಪೀಳಿಗೆಯ ನಂತರದ ಪ್ರೊಸೆಸರುಗಳ ಒಳಗೆ ಅದು ಇದೆ, ಆದರೆ ಹೆಸರಿನ ಕೊನೆಗೆ ‘ಎಫ್’ ಇರುವವುಗಳಲ್ಲಿ ಗ್ರಾಫಿಕ್ಸ್ ಭಾಗ ಇರುವುದಿಲ್ಲ. ದೊಡ್ಡ ಕಾರ್ಡು ಇರುವಾಗ ಅದೇಕೆಂದು ಎರಡು ಮೂರು ಸಾವಿರ ರೂಪಾಯಿ ಉಳಿಸಲು ಕೊಂಡದ್ದು ಅದನ್ನೇ. ಕೊನೆಗೆ ಸಣ್ಣ ಗಾತ್ರದ ಪ್ರಾಕ್ಸಿ ಪ್ರತಿಗಳನ್ನು ಮಾಡಿಕೊಂಡು ಕೆಲಸ ಸಾಗಿಸಿದೆವು.

ಇನ್ನೊಂದು ತೊಂದರೆ, ರೆಂಡರಿನ ನಡುವೆ ಪರದೆ ಕಪ್ಪಾಗುವುದು. ಕಾರ್ಡು ಎರಡು ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದರ ಡ್ರೈವರನ್ನು ಮರುಚಾಲನೆ ಮಾಡುತ್ತದೆ. ವಿಸ್ಟಾದ ಕಾಲದಿಂದ ಇರುವ ಏರ್ಪಾಡು. ಡ್ರೈವರನ್ನು ಪೂರ್ತಿ ಅಳಿಸಿ ಮತ್ತೆ ಹಾಕಿದೆವು, ಶಾಖ ಅಳೆದೆವು, ಹಲ್ಲುಗಳಿಗೆ ರಬ್ಬರನ್ನೂ ಉಜ್ಜಿದೆವು. ಕಾರ್ಡನ್ನು ಕಲ್ಯಾಣಿಗೆ ಒಯ್ದು ಗೆಳೆಯರೊಬ್ಬರ ಯಂತ್ರದಲ್ಲಿ ಕೂರಿಸಿದಾಗ ರಾತ್ರಿಯಿಡೀ ಓಡಿತು. ಅಲ್ಲಿಯ ಮೆಕ್ಯಾನಿಕ್ ನಮ್ಮ ಡಬ್ಬವನ್ನು ತರಿಸಿ ನೋಡಿ, ‘ಸಾಹೇಬರೇ, ಕುದುರೆ ಹೊಸದು, ಲಗಾಮು ಹಳೆಯದು’ ಎಂದ. ಹಿಂದಿನ ಕಂಪ್ಯೂಟರಿನ 450 ವ್ಯಾಟಿನ ಎಸ್‌ಎಂಪಿಎಸ್ಸನ್ನೇ ನಾವು ಉಳಿಸಿಕೊಂಡಿದ್ದೆವು. ಅದರಲ್ಲಿ ಎಂಟು ಪಿನ್ನಿನ ತಂತಿಯಿಲ್ಲದ ಕಾರಣ ಹಾರ್ಡ್ ಡಿಸ್ಕಿನ ಎರಡು ಹಳೆಯ ತಂತಿಗಳನ್ನು ಕೂಡಿಸುವ ಅಡಾಪ್ಟರ್ ಹಾಕಲಾಗಿತ್ತು. ಅದರ ಪ್ಲಾಸ್ಟಿಕ್ ಆಗಲೇ ಕಂದಿತ್ತು. ಹೊಸ ಎಸ್‌ಎಂಪಿಎಸ್ ಬಂದ ದಿನದಿಂದ ಪರದೆ ಕಪ್ಪಾಗಿಲ್ಲ.

ನವಿಮುಂಬಯಿಗೆ ಹೋಗುವಾಗ ದಿವಾದಿಂದ ಪನವೇಲ್ ಗಾಡಿ ಹಿಡಿಯುವವರು ಆ ಊರಿನ ಬಳಿ ಎದ್ದಿರುವ ಯೊಟ್ಟಾ ಕಂಪನಿಯ ಡೇಟಾ ಸೆಂಟರಿನ ಹೆಸರು ಕೇಳಿರಬಹುದು. 2024ರಲ್ಲಿ ಅಲ್ಲಿಗೆ ಎನ್‌ವಿಡಿಯಾದ ಎಚ್100 ಎಂಬ ಕೃತಕ ಬುದ್ಧಿಮತ್ತೆಯ ಜಿಪಿಯುಗಳು ಸಾವಿರಗಟ್ಟಲೆ ಬಂದಿಳಿದವು. ಅವು ಗೇಮಿನ ಕಾರ್ಡಿನ ವಂಶದವೇ. ಆದರೆ ಅವುಗಳಿಗೆ ಪರದೆಯನ್ನು ಜೋಡಿಸುವ ಕಿಂಡಿಯಿಲ್ಲ, ವಿಡಿಯೊ ಕಟ್ಟುವ ಎನ್ವೆಂಕೂ ಇಲ್ಲ. ನಮ್ಮ ತಾಳಮದ್ದಳೆಯನ್ನು ಅವುಗಳಲ್ಲೊಂದಕ್ಕೆ ಒಪ್ಪಿಸಿದ್ದರೆ ಕಟ್ಟುವ ಕೆಲಸ ಪ್ರೊಸೆಸರಿಗೇ ಮರಳುತ್ತಿತ್ತು.

ಬೂಷ್ಟು ಹಿಡಿದ ಹನ್ನೊಂದರಲ್ಲಿ ಆರು ಕ್ಯಾಸೆಟ್ಟುಗಳನ್ನು ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಯಿಂದ ಸುತ್ತುತ್ತ ಒರೆಸಿ ಉಳಿಸಿಕೊಂಡೆವು. ಏಳನೆಯದು ಭಾಗವತರೊಬ್ಬರ ಹಾಡುಗಾರಿಕೆಯದು. ಅವರ ಬೇರೆ ದಾಖಲೆ ನಮಗೆ ಸಿಕ್ಕಿಲ್ಲ. ವಿಸಿಆರ್‌ನೊಳಗೆ ನಿಮಿಷಕ್ಕೆ 1,500 ಸುತ್ತು ತಿರುಗುವ ಹೆಡ್ಡುಗಳ ಸಂದು ಬೂಷ್ಟಿನಿಂದ ಮತ್ತೆ ಮತ್ತೆ ಮುಚ್ಚಿಹೋಗಿ ಪರದೆಯ ಮೇಲೆ ಬರೀ ಬಿಳಿ ಚುಕ್ಕೆಗಳು. ಧ್ವನಿಯನ್ನು ಟೇಪಿನ ಅಂಚಿನಿಂದ ಓದುವುದು ಮಾತ್ರ ಬೇರೆಯೇ ಹೆಡ್ಡು, ಅದು ತಿರುಗುವುದಿಲ್ಲ. ಹಾಗಾಗಿ ಚಂಡೆ, ಮದ್ದಳೆ, ಪದ ಎಲ್ಲವೂ ಕೇಳಿಸಿದವು. ನೆರೂಳಿನಿಂದ ಬಂದಿದ್ದ ಅವರ ಮಗಳು ಸ್ವಲ್ಪ ಹೊತ್ತು ನೋಡಿ, ‘ಪರದೆ ಆರಿಸಿಬಿಡಿ ಮಾರಾಯ್ರೆ, ಹಾಗೇ ಕೇಳುವ’ ಎಂದರು. ಒಂದು ಗಂಟೆ ನಲವತ್ತು ನಿಮಿಷದ ಆ ಧ್ವನಿ ಈಗ ಮೂರು ಡ್ರೈವುಗಳಲ್ಲಿದೆ.

ಇನ್ನೂ ನಾಲ್ಕು ಕ್ಯಾಸೆಟ್ಟುಗಳು ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಡಬ್ಬದಲ್ಲಿವೆ. ನಮ್ಮ ವಿಸಿಆರ್‌ನ ಹೆಡ್ಡು ಸವೆದಿದೆ. ಥಾಣೆ, ಕಲ್ಯಾಣ್, ನವಿಮುಂಬಯಿಯ ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ತಿರುಗುವ ಸ್ಥಿತಿಯಲ್ಲಿರುವ ವಿಸಿಆರ್ ಇದ್ದರೆ, ಈ ಮಳೆಗಾಲದ ಮೊದಲು ನಮಗೆ ತಿಳಿಸಬೇಕೆಂದು ಕೋರುತ್ತೇವೆ.